ಹದಿನಾಲ್ಕು ಸಾವಿರ ಕಿಲೋಮೀಟರ್, ಒಂದೇ ಏಟಿಗೆ

ಅಕ್ಕ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನದಲ್ಲಿ ಹೋದ ದಿನ ಇವತ್ತು ಯಾಕೋ ನೆನಪಾಯಿತು. ದೂರ ಸುಮಾರು 14,000 ಕಿ.ಮೀ. ಸಮಯ ಹತ್ತಿರ ಹತ್ತಿರ 17 ಗಂಟೆ. ಅಮ್ಮ ನನ್ನ ಫೋನ್ ಕಿತ್ತುಕೊಂಡು, ಕನ್ನಡಕ ಹಣೆಗೇರಿಸಿ, ವಿಮಾನ ಎಲ್ಲಿದೆ ಅಂತ ತೋರಿಸುವ ನಕ್ಷೆಯ ಮೇಲಿನ ಆ ಪುಟ್ಟ ಹಳದಿ ವಿಮಾನವನ್ನೇ ನೋಡುತ್ತಿದ್ದರು. "ಅಮೆರಿಕ ಪಶ್ಚಿಮಕ್ಕಲ್ವೇನೋ? ಇದು ಚೀನಾ ಕಡೆ ಹೋಗ್ತಿದೆ!"

ನಿಜ ಹೇಳಬೇಕಂದ್ರೆ ಎರಡೂ ಊರು ಭೂಮಿಯ ಆಚೆ-ಈಚೆ ಮಗ್ಗುಲಲ್ಲಿವೆ. ತೀರಾ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಈ ಮಾರ್ಗದ ಮೊದಲ ವಿಮಾನವನ್ನು ಅಲ್ಲಿಂದ ಇಲ್ಲಿಗೆ ತಂದದ್ದು ಧ್ರುವದ ಮೇಲಿಂದಲೇ. ಆದರೆ ಹೋಗುವಾಗ ಪೂರ್ವಕ್ಕೆ ಹಾರಿದರೆ ಮೇಲಿನ ಗಾಳಿ ಬೆನ್ನು ತಳ್ಳುತ್ತೆ. ದೂರ ಸ್ವಲ್ಪ ಜಾಸ್ತಿಯಾದರೂ ಇಂಧನ ಉಳಿಯುತ್ತೆ.

ಮಜಾ ಏನಂದ್ರೆ ಮಧ್ಯಾಹ್ನ ಹೊರಟವಳು ಅದೇ ದಿನ ಸಂಜೆ ಇಳಿದಳು! ಗಡಿಯಾರದ ಪ್ರಕಾರ ನಾಲ್ಕು ಗಂಟೆ ಆಚೀಚೆ, ಅಷ್ಟೆ. ಸೊಂಟಕ್ಕೆ ಮಾತ್ರ ಪೂರ್ತಿ ಲೆಕ್ಕ ಗೊತ್ತಿತ್ತಂತೆ.

ಇಷ್ಟೆಲ್ಲ ವಿವರಿಸಿದ ಮೇಲೆ ಅಮ್ಮ ಕೇಳಿದ್ದು ಒಂದೇ: "ಊಟ ಎಷ್ಟು ಸಲ ಕೊಡ್ತಾರೆ?"