ಆರು ಗಾಜಿನ ಕೊಳವೆ

ನಮ್ಮ ಲಾರಿಯ ಮುರಿದ ಆಕ್ಸಲ್, ಅಂದರೆ ಹಿಂದಿನ ಚಕ್ರ ತಿರುಗಿಸುವ ಉಕ್ಕಿನ ದಂಡ, ಇವತ್ತಿಗೂ ಕೊಟ್ಟಿಗೆಯ ಮೂಲೆಯಲ್ಲಿದೆ. ತುದಿಯ ಹಲ್ಲುಗಳು ನೆಟ್ಟಗೆ ಗೆರೆ ಎಳೆದಂತಿರಬೇಕಿತ್ತು. ಈಗ ಹಗ್ಗ ಹೊಸೆದ ಹಾಗೆ ಒಂದೇ ಕಡೆಗೆ ತಿರುಚಿಕೊಂಡಿವೆ. ಅಷ್ಟು ದಪ್ಪದ ಉಕ್ಕು ಹೀಗೆ ತಿರುಚಿಕೊಳ್ಳಬಹುದು ಅಂತ ನಾನು ಆ ದಿನದವರೆಗೂ ಅಂದುಕೊಂಡಿರಲಿಲ್ಲ.

ಲಾರಿ ಅಪ್ಪನ ಕಾಲದ್ದು, ಟಾಟಾ 1613 ಟರ್ಬೊ. ಒಟ್ಟು ತೂಕ ಸುಮಾರು 16 ಟನ್, ಶಕ್ತಿ ಸುಮಾರು 130 ಹಾರ್ಸ್ ಪವರ್ ಎಂಬುದು ಹೆಸರಿನಲ್ಲೇ ಇದೆ. ಆ ವರ್ಷ ಕಬ್ಬು ಕಟಾವು ಶುರುವಾಗುವ ಹೊತ್ತಿಗೆ ಗಾಡಿ ಎಳೆಯುವುದನ್ನೇ ಬಿಟ್ಟಿತ್ತು. ಖಾಲಿ ಇದ್ದಾಗ ಸರಿಯಾಗೇ ಓಡುತ್ತಿತ್ತು, ಲೋಡ್ ಬಿತ್ತೋ ಉಸಿರು ಕಟ್ಟಿದವರ ಹಾಗಾಗುತ್ತಿತ್ತು. ಊರ ಹತ್ತಿರದ ಒಬ್ಬ ಮೆಕ್ಯಾನಿಕ್ ಬಂದು ಡೀಸೆಲ್ ಪಂಪಿನ ಸೀಲ್ ಕಿತ್ತು, ಡೀಸೆಲ್ ಹೆಚ್ಚು ಬಿಡುವ ಸ್ಕ್ರೂ ಒಂದು ಸುತ್ತು ತಿರುಗಿಸಿ ಹೋದ. ಹತ್ತೇ ನಿಮಿಷದ ಕೆಲಸ. ಗಾಡಿ ಹುಲಿಯಂತಾಯಿತು. ಹಿಂದೆ ಬರುವವರಿಗೆ ರಸ್ತೆ ಕಾಣದಷ್ಟು ಕರಿ ಹೊಗೆ ಬರುತ್ತಿತ್ತು, ನಾವು ಅದನ್ನೇ ಪವರ್ ಅಂದುಕೊಂಡೆವು.

ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಗದ್ದೆಯೊಂದರಲ್ಲಿ ಲೋಡ್ ತುಂಬಿ ಹೊರಟಾಗ ಎಡಗಡೆಯ ಹಿಂದಿನ ಚಕ್ರ ಕೆಸರಿಗೆ ಇಳಿಯಿತು. ನಮ್ಮ ಡ್ರೈವರ್‌ನ ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯೋದು. ಮಾವ ಇಂಜಿನ್ ರೈಸ್ ಮಾಡಿ ಮಾಡಿ ಕ್ಲಚ್ ಬಿಟ್ಟರು. ಚಕ್ರ ಗರಗರ ತಿರುಗಿತು, ಗಾಡಿ ಕದಲಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಗದ್ದೆಯವರೆಗೂ ಬಂತು. ಚಕ್ರದ ಕೆಳಗೆ ಕಬ್ಬಿನ ತರಗು, ಕಲ್ಲು ಹಾಕಿದೆವು. ಈ ಸಲ ತಿರುಗುತ್ತಿದ್ದ ಚಕ್ರ ಕಲ್ಲಿಗೆ ಗಬಕ್ಕನೆ ಕಚ್ಚಿಕೊಂಡಿತು. ಒಳಗಿನಿಂದ ಒಂದೇ ಒಂದು ಸದ್ದು, ಬಾವಿಗೆ ಗುಂಡುಕಲ್ಲು ಎತ್ತಿ ಹಾಕಿದ ಹಾಗೆ. ಆಮೇಲೆ ಇಂಜಿನ್ ಓಡುತ್ತಿದೆ, ಗೇರ್ ಬಿದ್ದಿದೆ, ಗಾಡಿ ಮಾತ್ರ ಅಲ್ಲೇ.

ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕ ಕಳಕೊಳ್ಳುತ್ತೆ. ಎರಡು ದಿನ ಲೋಡ್ ಅಲ್ಲೇ ನಿಂತಿತ್ತು. ಆ ರೈತರ ಮುಖ ನೋಡಲು ನನಗೆ ಆಗಲಿಲ್ಲ.

ಆಕ್ಸಲ್, ಕ್ಲಚ್ ಪ್ಲೇಟ್ ಹೊಸದು ಹಾಕಿಸಿದ ಮೇಲೆ ಪಂಪು, ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳನ್ನು ಬಿಚ್ಚಿಸಿಕೊಂಡು ಮೈಸೂರಿನ ಬನ್ನಿಮಂಟಪದ ಕಡೆ ಡೀಸೆಲ್ ಪಂಪು ರಿಪೇರಿ ಮಾಡುವ ಒಂದು ಪಂಪ್ ರೂಮಿಗೆ ಹೋದೆವು. ವಯಸ್ಸಾದ ಮೇಸ್ತ್ರಿ. ಮೊದಲು ಕೇಳಿದ್ದೇ, "ಪವರ್ ಯಾಕೆ ಬೇಕು ಗೌಡ್ರೇ? ಜಾಸ್ತಿ ಲೋಡ್ ಹೊಡೆಯಕ್ಕಾದ್ರೆ ಈಗ್ಲೇ ವಾಪಸ್ ತಗೊಂಡ್ಹೋಗಿ." ಮೊದಲಿದ್ದಷ್ಟೇ ಸಿಕ್ಕರೆ ಸಾಕು ಅಂದೆ.

ಪಂಪನ್ನು ಟೆಸ್ಟ್ ಮೆಷಿನ್ ಮೇಲೆ ಕೂರಿಸಿ ನಿಮಿಷಕ್ಕೆ 500 ಸುತ್ತು ತಿರುಗಿಸಿದರು. ಪಂಪು ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿ 500 ಅಂದರೆ ಇಂಜಿನ್ನಿಗೆ 1000. ಮುಂದೆ ಗುರುತು ಹಾಕಿದ ಆರು ಗಾಜಿನ ಕೊಳವೆ, ಒಂದೊಂದು ಸಿಲಿಂಡರಿಗೆ ಒಂದೊಂದು. ಸುತ್ತುಗಳ ಎಣಿಕೆ ಮುಗಿದು ಡೀಸೆಲ್ ನಿಂತಾಗ ನಾನು ಬಗ್ಗಿ ನೋಡಿದೆ. ಆರರಲ್ಲೂ ಬೇರೆ ಬೇರೆ ಮಟ್ಟ. ಒಂದರ ಮಟ್ಟ ಮೂರನೆಯದಕ್ಕಿಂತ ಹೆಬ್ಬೆರಳಗಲ ಮೇಲಿತ್ತು. ಮೇಸ್ತ್ರಿ ಅದರ ಮೇಲೆ ಉಗುರಿಟ್ಟು, "ಈ ಪಿಸ್ಟನ್ ಸುಡ್ತಾ ಇದೆ, ಆ ಮೂರನೇದು ಸೋಮಾರಿ. ಐದು ಜನ ಒಬ್ಬನನ್ನ ಹೊತ್ಕೊಂಡು ಓಡ್ತಾ ಇದ್ದಾರೆ" ಅಂದರು. ನಾಝಲ್‌ಗಳಲ್ಲಿ ಎರಡು ಮಂಜಿನಂತೆ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದ್ದವು.

ನಿಜವಾದ ಕಳ್ಳ ಸಿಕ್ಕಿದ್ದು ಆಮೇಲೆ. ಪಂಪಿನಲ್ಲಿ ಡೀಸೆಲ್ ಅಳತೆ ಹಿಡಿಯುವ ಗವರ್ನರ್ ಮೇಲೆ ಒಂದು ಗುಂಡು ಡಬ್ಬಿ ಇರುತ್ತೆ. ಇಂಜಿನ್ನಿಗೆ ಗಾಳಿ ಊದುವ ಟರ್ಬೊದ ಒತ್ತಡ ಸಣ್ಣ ಪೈಪಿನಲ್ಲಿ ಅದರೊಳಕ್ಕೆ ಬಂದು ಒಂದು ರಬ್ಬರ್ ಪೊರೆಯನ್ನು ಒತ್ತುತ್ತೆ. ಗಾಳಿ ಹೆಚ್ಚಾದಷ್ಟೇ ಡೀಸೆಲ್ ಹೆಚ್ಚಲಿ ಅಂತ ಆ ಏರ್ಪಾಡು. ನಮ್ಮದರಲ್ಲಿ ಪೊರೆ ಹರಿದಿತ್ತು. ಅಂಚಿನಲ್ಲಿ ಉಗುರಿನುದ್ದದ ಸೀಳು, ಅಷ್ಟೇ. ಲೋಡಿನಲ್ಲಿ ಗಾಡಿ ಎಳೆಯದೆ ಇದ್ದದ್ದು ಅದಕ್ಕೆ. ಸ್ಕ್ರೂ ತಿರುಗಿಸಿದಾತ ಈ ಪೊರೆ ನೋಡಲಿಲ್ಲ. ಟರ್ಬೊ ಇನ್ನೂ ಗಾಳಿ ಊದದ ಕೆಳಗಿನ ವೇಗದಲ್ಲೂ ಡೀಸೆಲ್ ಸುರಿಯುವಂತೆ ಮಾಡಿದ್ದ. ಗಾಳಿ ಸಾಲದೆ ಪೂರ್ತಿ ಉರಿಯದ ಡೀಸೆಲ್ಲೇ ನಾವು ಮೆಚ್ಚಿದ್ದ ಕರಿ ಹೊಗೆ.

ಮೇಸ್ತ್ರಿ ಚಾಕ್‌ಪೀಸಿನಲ್ಲಿ ನೆಲದ ಮೇಲೆ ಲೆಕ್ಕ ಬರೆದರು. ಇಂಜಿನ್ ತಿರುಚುವ ಬಲ 40 ಅನ್ನಿ. ಮೊದಲ ಗೇರಿನಲ್ಲಿ ಏಳು ಪಟ್ಟು, ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನಲ್ಲಿ ಆರು ಪಟ್ಟು ಅಂತ ಹಿಡಿದರೆ ಏಳಾರಲಿ 42. ಅಂದರೆ ಚಕ್ರಕ್ಕೆ ಹೋಗುವುದು 1680. ಇಂಜಿನ್ನಿನಲ್ಲಿ ಬರೀ 4 ಹೆಚ್ಚಿಸಿ, ಅಲ್ಲಿ 168 ಹೆಚ್ಚುತ್ತೆ. ಅದರ ಮೇಲೆ ರೈಸ್ ಮಾಡಿ ಕ್ಲಚ್ ಬಿಟ್ಟರೆ ತಿರುಗುವ ಫ್ಲೈವೀಲಿನ ಏಟೂ ಸೇರುತ್ತೆ. "ಆಕ್ಸಲ್ ಮುರಿದಿದ್ದು ಸ್ಕ್ರೂ ಒಂದರಿಂದ್ಲೇ ಅಲ್ಲ, ಕಾಲಿಂದಾನೂ" ಅಂತ ಮಾವನ ಕಡೆ ನೋಡಿದರು. ಮಾವ ತಲೆ ತಗ್ಗಿಸಿದರು, ಎದುರು ಮಾತಾಡಲಿಲ್ಲ.

ಹೊಸ ಪೊರೆ, ಹೊಸ ನಾಝಲ್. ಆರು ಕೊಳವೆಯಲ್ಲೂ ಡೀಸೆಲ್ ಒಂದೇ ಗೆರೆಗೆ ಬರುವವರೆಗೆ ಮೇಸ್ತ್ರಿ ಊಟಕ್ಕೂ ಏಳಲಿಲ್ಲ. ಕೆಳಗಿನ ವೇಗದಲ್ಲಿ ಚಾರ್ಟಿನಲ್ಲಿರುವಷ್ಟೇ, ಮೇಲಿನ ವೇಗದಲ್ಲಿ ಮಾತ್ರ ಒಂದೆರಡು ಸಿಸಿ ಹೆಚ್ಚು ಕೊಟ್ಟರು. "ಪವರ್ ಓಟದಲ್ಲಿ ತಗೊಳ್ಳಿ, ಎಳೆತದಲ್ಲಿ ಬೇಡ" ಅಂದರು. ನನಗೆ ಇಡೀ ವಿದ್ಯೆ ಅರ್ಥವಾದದ್ದು ಆ ಮಾತಿನಲ್ಲಿ. ಹಾರ್ಸ್ ಪವರ್ ಅಂದರೆ ತಿರುಚುವ ಬಲ ಮತ್ತು ವೇಗದ ಗುಣಾಕಾರ ತಾನೆ. ಬಲ ಏರಿಸಿದರೆ ಗೇರ್‌ಬಾಕ್ಸು, ಜಾಯಿಂಟು, ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಗೇರುಗಳು ಎಲ್ಲವೂ ಅದನ್ನು ಹೊರಬೇಕು. ಮೇಲಿನ ವೇಗದಲ್ಲಿ ಬಲ ಹೇಗೂ ಇಳಿದಿರುತ್ತೆ, ಅಲ್ಲಿ ಸ್ವಲ್ಪ ತುಂಬಿಕೊಟ್ಟರೆ ಅವಕ್ಕೆ ಹೊಸ ಹೊರೆ ಬೀಳುವುದಿಲ್ಲ. ಕೊನೆಗೆ ಸ್ಕ್ರೂಗೆ ತಂತಿ ಸುತ್ತಿ ಸೀಸದ ಸೀಲ್ ಒತ್ತಿದರು. ಏರ್ ಕ್ಲೀನರ್ ಬದಲಾಯಿಸಿ, ಟರ್ಬೊ ಹೋಸಿನ ಕ್ಲಿಪ್ಪುಗಳನ್ನು ನೋಡಿ, ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು. ಟ್ಯಾಪೆಟ್ ಯಾವಾಗ ನೋಡಿಸಿದ್ದೆವೋ ನನಗೂ ನೆನಪಿರಲಿಲ್ಲ, ಮಾವನಿಗೂ.

ಮುಂದಿನ ವಾರ ಅದೇ ಗದ್ದೆ, ಅದೇ ನಾಲೆ ಏರಿ. ಮಾವ ಮೊದಲು ಇಳಿದು ದಾರಿಯನ್ನೆಲ್ಲ ಕಾಲಲ್ಲಿ ತುಳಿದು ನೋಡಿಬಂದರು. ಮೊದಲ ಗೇರ್ ಹಾಕಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದ ಮೇಲೇ ಎಕ್ಸಿಲೇಟರ್ ಮುಟ್ಟಿದರು. ಲಾರಿ ತುಂಬು ಬಸುರಿಯಂತೆ ನಿಧಾನ ಏರಿ ಹತ್ತಿತು. ನಾನು ಹಿಂದೆ ನಡೆಯುತ್ತಾ ಸೈಲೆನ್ಸರನ್ನೇ ನೋಡುತ್ತಿದ್ದೆ. ತೆಳುವಾದ ಬೂದು ಹೊಗೆ ಬಂದು ಅಲ್ಲೇ ಕರಗುತ್ತಿತ್ತು, ಅದರಾಚೆ ಗದ್ದೆಯಲ್ಲಿ ಹೊರೆ ಕಟ್ಟುತ್ತಿದ್ದವರು ಸ್ಪಷ್ಟವಾಗಿ ಕಾಣುತ್ತಿದ್ದರು.

ಮೇಲೆ ಹೋಗಿ ನಿಲ್ಲಿಸಿ ಮಾವ ಕೂಗಿದರು, "ಹತ್ಕೋ ಮಗಾ, ಫ್ಯಾಕ್ಟ್ರೀಲಿ ತೂಕದ ಸಾಲು ಉದ್ದ ಆಗ್ಬುಡ್ತದೆ!"