ಹಿಮದ ನೆರಳಿಗೆ ಕಪ್ಪು ಬೆರೆಸಿದ ಕಥೆ

ಮೂರು ಭಾನುವಾರ ಕೂತು ಒಂದು ಚಿತ್ರ ನಕಲು ಮಾಡಲು ಹೋಗಿ ಕೆಡಿಸಿಕೊಂಡೆ. ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆ ಬರೆದ 'ಲಾ ಪೀ'. ಹಾಗಂದರೆ ಮ್ಯಾಗ್‌ಪೈ, ಕಾಗೆಯ ಬಳಗದ ಕಪ್ಪು-ಬಿಳಿ ಹಕ್ಕಿ. ಫ್ರಾನ್ಸಿನ ನಾರ್ಮಂಡಿಯಲ್ಲಿ, ಎತ್ರೆತಾ ಹತ್ತಿರ, 1868-69ರ ಚಳಿಗಾಲದಲ್ಲಿ ಬರೆದದ್ದು. ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಆ ಕ್ಷಣದ ಬೆಳಕು-ಬಣ್ಣವನ್ನು ಕಂಡ ಹಾಗೇ ಹಿಡಿಯುವ ಮೊನೆಯ ಚಿತ್ರಶೈಲಿಗೆ ಇಂಪ್ರೆಷನಿಸಂ ಎಂಬ ಹೆಸರು ಹುಟ್ಟಿದ್ದು 1874ರಲ್ಲಿ, ಅಂದರೆ ಚಿತ್ರವೇ ಹೆಸರಿಗಿಂತ ಹಳೆಯದು.

ಹಿಮ ಹೊತ್ತ ಬೇಲಿ, ಬೋಳು ಮರಗಳು, ಹಿಂದೆ ಮನೆ, ಎಡಗಡೆ ಗೇಟಿನ ಮೇಲೆ ಹಕ್ಕಿ. ಅಷ್ಟೇ. ಬಿಸಿಲು ಬೇಲಿಯ ಆಚೆಯಿಂದ ಬರುತ್ತಿದೆ. ನೆರಳೆಲ್ಲ ನಮ್ಮ ಕಡೆ ಚಾಚಿಕೊಂಡಿದೆ.

ಆ ನೆರಳಿನಲ್ಲೇ ನಾನು ಸೋತೆ. ನೆರಳು ತಾನೇ ಅಂತ ಬಿಳಿಗೆ ಚೂರು ಕಪ್ಪು ಬೆರೆಸಿದೆ. ಹಿಮ ಹೋಗಿ ಒದ್ದೆ ಸಿಮೆಂಟ್ ಆಯಿತು! ಮೊನೆಯ ನೆರಳು ನೀಲಿ. ಅದು ಅವನ ಕಲ್ಪನೆ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಬಿಸಿಲಿನಲ್ಲಿ ಬಿಳಿ ದುಪ್ಪಟಿ ಹಾಸಿ, ಅದರ ಮೇಲೆ ಕೈಯ ನೆರಳು ಬೀಳಿಸಿದೆ. ಕಾಗದ ಸುತ್ತಿ ಕೊಳವೆ ಮಾಡಿ, ಅದರೊಳಗಿಂದ ನೆರಳನ್ನಷ್ಟೇ ನೋಡಿದೆ. ತಿಳಿ ನೀಲಿ! ಕಾರಣ ಸರಳ. ನೇರ ಬಿಸಿಲಿಗೆ ಅಡ್ಡ ಬಂದಾಗ ಅಲ್ಲಿ ಉಳಿಯುವುದು ಆಕಾಶದ ಬೆಳಕು, ಅದು ನೀಲಿ. ದುಪ್ಪಟಿ ಬಿಳಿ ಅಂತ ನಮಗೆ ಮೊದಲೇ ಗೊತ್ತಲ್ವಾ, ಹಾಗಾಗಿ ಮನಸ್ಸು ಆ ನೀಲಿಯನ್ನು ಕಳೆದುಬಿಡುತ್ತದೆ. ಮೊನೆ ಕಳೆಯಲಿಲ್ಲ. 1869ರ ಸಲೋನ್, ಅಂದರೆ ಪ್ಯಾರಿಸ್‌ನ ಅಧಿಕೃತ ಕಲಾ ಪ್ರದರ್ಶನದ ತೀರ್ಪುಗಾರರು ಈ ಚಿತ್ರವನ್ನು ತಿರಸ್ಕರಿಸಿದರು. ಮೊದಲ ಭಾನುವಾರ ನಾನೂ ಅವರ ಪಕ್ಷದಲ್ಲೇ ಇದ್ದೆ ಅನ್ನಿ.

ಬಿಳಿಯೂ ಬರೀ ಬಿಳಿಯಲ್ಲ. ಬಿಸಿಲು ತಾಗಿದ ಕಡೆ ಕೆನೆಯ ಹಳದಿ, ಅಲ್ಲಲ್ಲಿ ನಸುಗೆಂಪು. ಹಿಮವನ್ನು ಕುಂಚದಿಂದ ದಪ್ಪಗೆ ಮೆತ್ತಿದ್ದಾನೆ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಗೀಟುಗಳು, ಎರಡು ಹೆಜ್ಜೆ ಹಿಂದೆ ಬಂದರೆ ಚಳಿ.

ಇನ್ನು ಆ ಹಕ್ಕಿ. ಪ್ರಿಂಟಿನ ಮೇಲೆ ಅದನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಚಿತ್ರ ಸುಮ್ನೆ ಖಾಲಿ ಹೊಲವಾಯಿತು. ಬೆರಳು ತೆಗೆದರೆ ಆ ಖಾಲಿಗೇ ಮೌನ ಬಂತು. ಇಷ್ಟಗಲದ ಬೆಳಕಿನಲ್ಲಿ ಚಿಟಿಕೆಯಷ್ಟು ಕಪ್ಪು, ಯಾವ ಕ್ಷಣದಲ್ಲಾದರೂ ಹಾರಿಹೋಗಬಹುದು.

ನನ್ನದು ಹಾರುವ ಹಾಗಿಲ್ಲ. ಜಾಸ್ತಿ ದೊಡ್ಡದಾಗಿ ಕೋಳಿಯಂತಾಗಿದೆ. ನಿನ್ನೆ ಕೆರೆದು ತೆಗೆದೆ. ನೆರಳು ಮಾತ್ರ ಈ ಸಲ ನೀಲಿ, ಇನ್ನೂ ಒಣಗಿಲ್ಲ.