ಒಂದು ಕೇಕಿಗೆ ಪ್ರಧಾನಿಯೇ ಹೋಗಬೇಕಿತ್ತೇ?

"ಅಲ್ಲಮ್ಮಾ, ಬ್ರೆಕ್ಸಿಟ್ ಮುಗಿಸಿಕೊಟ್ಟವನು ಅವನೇ, ಬೇರೆಯವರಿಗಿಂತ ಮೊದಲು ಲಸಿಕೆ ಕೊಡಿಸಿದವನೂ ಅವನೇ. ಕೊರೊನಾ ನಿಯಮಗಳಿದ್ದಾಗ ಕಚೇರಿಯಲ್ಲಿ ಹುಟ್ಟುಹಬ್ಬದ ಕೇಕ್ ತಂದರು ಎಂದು ಅಂಥವನನ್ನು ಇಳಿಸಿಬಿಡುವುದೇ?" ಬ್ರಿಟನ್ನಿನ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಬಗ್ಗೆ ಶಿವಮೊಗ್ಗದ ನನ್ನ ದೊಡ್ಡಪ್ಪ ಕೇಳುವ ಪ್ರಶ್ನೆ ಇದು. ಸೋದರತ್ತೆಯೂ ಕೇಳಿದ್ದಾರೆ, ಕಾಲೇಜಿನ ಗೆಳತಿಯರೂ ಕೇಳಿದ್ದಾರೆ. 2021ರಲ್ಲಿ ಭಾರತದಲ್ಲಿ ಸೋಂಕು ಏರುತ್ತಿದ್ದಾಗಲೇ ಚುನಾವಣಾ ರ‍್ಯಾಲಿಗಳು ನಡೆದವು, ಯಾರ ಕುರ್ಚಿಯೂ ಅಲುಗಲಿಲ್ಲ. ಬ್ರಿಟನ್ನಿನವರಿಗೆ ಮಾತ್ರ ಏಕಿಷ್ಟು ಸಿಟ್ಟು ಎಂಬ ಅಚ್ಚರಿಯೂ ಆ ಪ್ರಶ್ನೆಯೊಳಗೆ ಇರುತ್ತದೆ.

ಆ ವರ್ಷಗಳನ್ನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕಳೆದವಳು ನಾನು. ಕೇಕಿನ ಸುದ್ದಿ ಬಂದದ್ದು ಕೊನೆಯಲ್ಲಿ. ಅದಕ್ಕೂ ಮೊದಲು ಸುಮಾರು ಎರಡು ವರ್ಷ ಇಲ್ಲಿನ ಜನ ಜಾನ್ಸನ್ ಸರ್ಕಾರದ ದೊಡ್ಡ ದೊಡ್ಡ ತಪ್ಪುಗಳನ್ನು ಕ್ಷಮಿಸಿದ್ದರು. ಅವರು ಏನನ್ನು ಕ್ಷಮಿಸಿದರು, ಏನನ್ನು ಕ್ಷಮಿಸಲಾರದೆ ಹೋದರು ಎಂಬುದನ್ನು ನೋಡಿದರೆ ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಸಿಗುತ್ತದೆ.

2016ರ ಜೂನ್ 23ರ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬರಬೇಕು, ಅಂದರೆ ಬ್ರೆಕ್ಸಿಟ್ ಆಗಬೇಕು ಎಂದವರು ಶೇ 51.9, ಉಳಿಯಬೇಕು ಎಂದವರು ಶೇ 48.1. ಆ ಸಣ್ಣ ಅಂತರ ದೇಶವನ್ನು ಎರಡು ಬಣಗಳಾಗಿ ಸೀಳಿತು. ಯಾರು ಯಾವ ಬಣ ಎಂಬುದು ಪಕ್ಷನಿಷ್ಠೆಗಿಂತಲೂ ಗಟ್ಟಿಯಾದ ಗುರುತಾಯಿತು. ಊಟದ ಮೇಜಿನಲ್ಲಿ ಆ ಮಾತೆತ್ತದ ಕುಟುಂಬಗಳನ್ನು ನಾನು ಬಲ್ಲೆ. ಹಿಡಿತವನ್ನು ಮರಳಿ ಪಡೆಯೋಣ ಎಂಬ ಘೋಷಣೆಯೊಂದಿಗೆ ಬ್ರೆಕ್ಸಿಟ್ ಪರ ಪ್ರಚಾರವನ್ನು ನಡೆಸಿದ ತಂತ್ರಗಾರ ಡೊಮಿನಿಕ್ ಕಮಿಂಗ್ಸ್. ಅಧಿಕಾರಸ್ಥರು ಸಾಮಾನ್ಯರನ್ನು ಕಡೆಗಣಿಸಿದ್ದಾರೆ, ಅವರಿಗೊಂದು ನಿಯಮ ನಿಮಗೊಂದು ನಿಯಮ ಎಂಬ ನೋವನ್ನು ಆ ಪ್ರಚಾರ ಚೆನ್ನಾಗಿ ಅರಿತಿತ್ತು. 2019ರ ಡಿಸೆಂಬರ್‌ನಲ್ಲಿ ಬ್ರೆಕ್ಸಿಟ್ ಮುಗಿಸುತ್ತೇವೆ ಎಂದು ಹೇಳಿ ಜಾನ್ಸನ್ ತಮ್ಮ ಕನ್ಸರ್ವೇಟಿವ್ ಪಕ್ಷಕ್ಕೆ 365 ಸ್ಥಾನ ಗೆದ್ದುಕೊಟ್ಟರು. ತಲೆಮಾರುಗಳಿಂದ ಲೇಬರ್ ಪಕ್ಷಕ್ಕೆ ಮತ ಹಾಕುತ್ತಿದ್ದ ಉತ್ತರ ಇಂಗ್ಲೆಂಡಿನ ಗಣಿ ಊರುಗಳೂ ಕಾರ್ಖಾನೆ ಊರುಗಳೂ ಅವರ ಕೈಹಿಡಿದವು. ಕಮಿಂಗ್ಸ್ ಪ್ರಧಾನಿ ಕಚೇರಿಯ ಪ್ರಮುಖ ಸಲಹೆಗಾರರಾಗಿ ಮುಂದುವರಿದರು.

2020ರ ಜನವರಿ 31ರ ರಾತ್ರಿ 11 ಗಂಟೆಗೆ ಬ್ರಿಟನ್ ಒಕ್ಕೂಟದಿಂದ ಹೊರಬಂತು. ಯಾರ್ಕ್ ನಗರದಲ್ಲಿ ಕಾಣಿಸಿಕೊಂಡ, ದೇಶದ ಮೊದಲ ಎರಡು ಕೊರೊನಾ ಪ್ರಕರಣಗಳು ದೃಢಪಟ್ಟದ್ದೂ ಅದೇ ದಿನ. ಒಂದು ಕಡೆ ಸಂಭ್ರಮಾಚರಣೆ, ಇನ್ನೊಂದು ಕಡೆ ಟಿ.ವಿ. ಪರದೆಯ ಕೆಳಗೆ ಓಡುವ ಸಣ್ಣ ಸುದ್ದಿ. ಮೂರು ದಿನಗಳ ನಂತರ ಗ್ರೀನಿಚ್‌ನಲ್ಲಿ ಮುಕ್ತ ವ್ಯಾಪಾರದ ಬಗ್ಗೆ ಮಾತನಾಡಿದ ಜಾನ್ಸನ್, ಕೊರೊನಾದ ಭಯದಲ್ಲಿ ದೇಶಗಳು ವೈದ್ಯಕೀಯವಾಗಿ ಅಗತ್ಯವಿರುವುದಕ್ಕಿಂತ ಹೆಚ್ಚಾಗಿ ಬಾಗಿಲು ಮುಚ್ಚಿಕೊಳ್ಳಬಹುದು, ಆಗ ವ್ಯಾಪಾರದ ಪರವಾಗಿ ನಿಲ್ಲಲು ಒಂದು ದೇಶವಾದರೂ ಬೇಕು ಎಂದರು. ಇಟಲಿಯ ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದಾಗ ಇಲ್ಲಿ ಚೆಲ್ಟನಮ್ ಕುದುರೆ ಪಂದ್ಯಗಳು ನಾಲ್ಕು ದಿನ ನಡೆದವು, ಸುಮಾರು ಎರಡೂವರೆ ಲಕ್ಷ ಪ್ರೇಕ್ಷಕರೊಂದಿಗೆ. ಲಾಕ್‌ಡೌನ್ ಘೋಷಣೆಯಾದದ್ದು ಮಾರ್ಚ್ 23ಕ್ಕೆ.

ಈ ವಿಳಂಬವನ್ನು ಜನ ಕ್ಷಮಿಸಿದರು. ಮಾರ್ಚ್ ಕೊನೆಯ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಏಳು ಮಂದಿ ಸರ್ಕಾರ ಪರಿಸ್ಥಿತಿಯನ್ನು ಚೆನ್ನಾಗಿ ನಿಭಾಯಿಸುತ್ತಿದೆ ಎಂದರು. ಜಾನ್ಸನ್‌ಗೆ ಸೋಂಕು ತಗುಲಿ ಸೇಂಟ್ ಥಾಮಸ್ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಿದಾಗ ಅವರ ಕಡುವಿರೋಧಿಗಳೂ ಅವರ ಚೇತರಿಕೆಗೆ ಹಾರೈಸಿದರು. ಗುರುವಾರ ರಾತ್ರಿ 8 ಗಂಟೆಗೆ ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಬ್ರೆಕ್ಸಿಟ್ ವಿಷಯದಲ್ಲಿ ಮುಖ ತಿರುಗಿಸಿಕೊಂಡಿದ್ದ ಎದುರು ಬದುರು ಮನೆಯವರೂ ಅಲ್ಲಿದ್ದರು. ಹಳೆಯ ಬಿರುಕು ಪೂರ್ತಿ ಮಾಯವಾಗಿತ್ತು ಎಂದಲ್ಲ. ಐರೋಪ್ಯ ಒಕ್ಕೂಟದ ಜಂಟಿ ವೆಂಟಿಲೇಟರ್ ಖರೀದಿ ಯೋಜನೆಗೆ ಬ್ರಿಟನ್ ಸೇರಲಿಲ್ಲ. ಇ–ಮೇಲ್ ತಲುಪದೆ ಹೀಗಾಯಿತು ಎಂದು ಸರ್ಕಾರ ಹೇಳಿದಾಗ ಒಂದು ಬಣ ಇದು ಬ್ರೆಕ್ಸಿಟ್ ಹಟ ಎಂದಿತು, ಇನ್ನೊಂದು ಬಣ ಇದು ಸೋತವರ ಗೊಣಗಾಟ ಎಂದಿತು. ಬ್ರೆಕ್ಸಿಟ್ ನಂತರದ ಪರಿವರ್ತನೆಯ ಅವಧಿಯನ್ನು ಸಾಂಕ್ರಾಮಿಕದ ಕಾರಣಕ್ಕೆ ವಿಸ್ತರಿಸಬೇಕೆಂಬ ಬೇಡಿಕೆಯನ್ನು ಸರ್ಕಾರ ತಳ್ಳಿಹಾಕಿದಾಗಲೂ ಅದೇ ಜಗಳ. ಆದರೂ ನಿಯಮ ಪಾಲಿಸುವ ವಿಷಯದಲ್ಲಿ ಎರಡು ಬಣಗಳಿರಲಿಲ್ಲ.

ಆ ಪಾಲನೆಗೆ ತೆತ್ತ ಬೆಲೆ ಊರಿನಲ್ಲಿರುವವರಿಗೆ ಸುಲಭವಾಗಿ ತಿಳಿಯುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಅಂತ್ಯಸಂಸ್ಕಾರಕ್ಕೆ ಬೆರಳೆಣಿಕೆಯಷ್ಟು ಜನ, ಅವರೂ ದೂರ ದೂರ ಕುಳಿತು. ಐವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿ ಆಸ್ಪತ್ರೆಯ ಐಪ್ಯಾಡ್‌ನಲ್ಲಿ ವಿದಾಯ ಹೇಳಬೇಕಾಯಿತು. ಹಾಸಿಗೆ ಖಾಲಿ ಮಾಡಲು ಆಸ್ಪತ್ರೆಗಳಿಂದ ವೃದ್ಧರ ಆರೈಕೆ ಕೇಂದ್ರಗಳಿಗೆ ಪರೀಕ್ಷೆಯಿಲ್ಲದೆ ಕಳುಹಿಸಿದವರೊಂದಿಗೆ ಸೋಂಕೂ ಹೋಯಿತು. ಮಕ್ಕಳು ಕಿಟಕಿಯ ಗಾಜಿನಾಚೆ ನಿಂತು ಅಪ್ಪ ಅಮ್ಮಂದಿರನ್ನು ನೋಡುತ್ತಿದ್ದರು. ಸೋಂಕಿನ ಲಕ್ಷಣವಿಲ್ಲದವರಿಂದಲೂ ವೃದ್ಧರಿಗೆ ಅಪಾಯವಾಗಬಹುದು ಎಂಬುದನ್ನು ಪರಿಗಣಿಸದ ಆ ನೀತಿ ಕಾನೂನುಬಾಹಿರ ಎಂದು ಹೈಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಇಲ್ಲಿ ದುಡಿಯುವ ಕನ್ನಡಿಗ ವೈದ್ಯರ, ದಾದಿಯರ ಪಾಡು ಬೇರೆಯೇ. ಮಾರ್ಚ್‌ನಲ್ಲಿ ಭಾರತಕ್ಕೆ ವಿಮಾನಗಳು ನಿಂತವು. ದಾವಣಗೆರೆಯಲ್ಲೋ ಧಾರವಾಡದಲ್ಲೋ ತಂದೆ ತೀರಿಕೊಂಡರೆ ಮಗ ಇಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಫೋನಿನಲ್ಲಿ ಉತ್ತರಕ್ರಿಯೆ ನೋಡಬೇಕಿತ್ತು. ಕೆಲಸ ಮಾಡುತ್ತ ಸತ್ತ ಮೊದಲ ವೈದ್ಯರಲ್ಲಿ ಹೆಚ್ಚಿನವರು ವಲಸೆ ಬಂದ ಕುಟುಂಬಗಳವರು. ಅದೇ ವಲಸಿಗ ಸಿಬ್ಬಂದಿ ಎನ್‌ಎಚ್‌ಎಸ್ ಬಳಸಲು ವರ್ಷಕ್ಕೆ 400 ಪೌಂಡ್ ಹೆಚ್ಚುವರಿ ಶುಲ್ಕ ಕಟ್ಟಬೇಕು ಎಂಬ ನಿಯಮವನ್ನು ಜಾನ್ಸನ್ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಸಮರ್ಥಿಸಿದರು. ಸ್ವಪಕ್ಷದವರೇ ನಾಚಿಕೆಗೇಡು ಎಂದ ಮೇಲೆ ಮರುದಿನವೇ ಕೈಬಿಟ್ಟರು.

ಮೊದಲ ಒಡಕು ಕಾಣಿಸಿದ್ದು ಆ ವಾರವೇ. ಲಾಕ್‌ಡೌನ್ ಜಾರಿಯಲ್ಲಿದ್ದಾಗ ಕಮಿಂಗ್ಸ್, ಹೆಂಡತಿಗೆ ಕೋವಿಡ್ ಲಕ್ಷಣಗಳಿದ್ದರೂ ಮಗುವನ್ನೂ ಕರೆದುಕೊಂಡು ಲಂಡನ್ನಿನಿಂದ ಸುಮಾರು 420 ಕಿ.ಮೀ. ದೂರದ ಡರಮ್‌ಗೆ ಕಾರು ಓಡಿಸಿಕೊಂಡು ಹೋಗಿದ್ದರು ಎಂದು ಮೇ 22ರಂದು 'ಗಾರ್ಡಿಯನ್' ಮತ್ತು 'ಮಿರರ್' ಪತ್ರಿಕೆಗಳು ಬಯಲು ಮಾಡಿದವು. ಈಸ್ಟರ್ ದಿನ ಅವರು ಬಾರ್ನಾರ್ಡ್ ಕ್ಯಾಸಲ್ ಎಂಬ ಊರಿಗೂ ಹೋಗಿದ್ದರು. ಪ್ರಧಾನಿ ನಿವಾಸದ ಗುಲಾಬಿ ತೋಟದಲ್ಲಿ ಪತ್ರಕರ್ತರ ಮುಂದೆ ಕುಳಿತು ಅವರು ಕೊಟ್ಟ ವಿವರಣೆ ಇದು: ಕಣ್ಣಿನ ದೃಷ್ಟಿ ಮಂಜಾದಂತಿತ್ತು, ಲಂಡನ್ನಿಗೆ ಮರಳುವ ಮೊದಲು ಕಾರು ಓಡಿಸಲು ಆಗುತ್ತದೆಯೇ ಎಂದು ನೋಡಲು ಹೋಗಿದ್ದೆ. ರಾಜೀನಾಮೆ ಇಲ್ಲ, ಕ್ಷಮೆಯೂ ಇಲ್ಲ. ಪ್ರಧಾನಿ ಅವರ ಬೆನ್ನಿಗೆ ನಿಂತರು.

ಇದು ಬ್ರೆಕ್ಸಿಟ್ ವಿರೋಧಿಗಳ ಸೇಡು ಎಂದು ಕೆಲವರು ತೇಲಿಸಿ ನೋಡಿದರು. ಆದರೆ ಕಮಿಂಗ್ಸ್ ಹೋಗಲಿ ಎಂದು ಮೊದಲು ಹೇಳಿದ ಕನ್ಸರ್ವೇಟಿವ್ ಸಂಸದರಲ್ಲಿ ಸ್ಟೀವ್ ಬೇಕರ್ ಒಬ್ಬರು. ಅವರಿಗಿಂತ ಕಟ್ಟಾ ಬ್ರೆಕ್ಸಿಟ್‌ವಾದಿ ಸಿಗುವುದು ಕಷ್ಟ. ಬ್ರೆಕ್ಸಿಟ್ ಪರ ನಿಂತಿದ್ದ 'ಡೇಲಿ ಮೇಲ್' ಮುಖಪುಟದಲ್ಲೇ ಹರಿಹಾಯಿತು. ಬಿಷಪ್‌ಗಳು ಖಂಡಿಸಿದರು, ಸ್ಕಾಟ್ಲೆಂಡ್ ಕಚೇರಿಯ ಸಚಿವ ಡಗ್ಲಾಸ್ ರಾಸ್ ರಾಜೀನಾಮೆ ಕೊಟ್ಟರು. ತಮ್ಮ ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹಿಸದೆ, ಜ್ವರದಲ್ಲೇ ನೋಡಿಕೊಂಡವರು ಸಂಸದರಿಗೆ ಸಾವಿರಾರು ಪತ್ರ ಬರೆದರು. ಆ ಘಟನೆಯ ನಂತರ ಇಂಗ್ಲೆಂಡಿನಲ್ಲಿ ಸರ್ಕಾರದ ಮೇಲಿನ ವಿಶ್ವಾಸ ಹೇಗೆ ಕುಸಿಯಿತು ಎಂಬುದನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಜನರಿಗೆ ಮೊದಲ ಬಾರಿ ಕಣ್ಣಾರೆ ಕಂಡಿತ್ತು.

ನಮ್ಮ ಲೆಸ್ಟರ್‌ಗೆ ಜೂನ್ ಕೊನೆಯಲ್ಲಿ ದೇಶದ ಮೊದಲ ಸ್ಥಳೀಯ ಲಾಕ್‌ಡೌನ್ ಬಂತು. ಜುಲೈ 4ರಂದು ಇಡೀ ಇಂಗ್ಲೆಂಡಿನಲ್ಲಿ ಹೋಟೆಲುಗಳು ಬಾಗಿಲು ತೆರೆದರೆ ನಮ್ಮಲ್ಲಿ ತೆರೆಯಲಿಲ್ಲ. ಸಿಟ್ಟಿದ್ದರೂ ಜನ ಪಾಲಿಸಿದರು. ಸೆಪ್ಟೆಂಬರ್‌ನ ಒಂದು ವಾರ ನನಗೆ ಮರೆಯಲಾಗದು. 8ರಂದು ಸಚಿವ ಬ್ರಾಂಡನ್ ಲೂಯಿಸ್, ಬ್ರೆಕ್ಸಿಟ್‌ಗೆ ಸಂಬಂಧಿಸಿದ ಮಸೂದೆಯೊಂದು ಸೀಮಿತವಾಗಿ ಅಂತರರಾಷ್ಟ್ರೀಯ ಕಾನೂನನ್ನು ಮುರಿಯುತ್ತದೆ ಎಂದು ಸಂಸತ್ತಿನಲ್ಲೇ ಒಪ್ಪಿಕೊಂಡರು. ಮರುದಿನ ಅದೇ ಸರ್ಕಾರ, ಆರಕ್ಕಿಂತ ಹೆಚ್ಚು ಜನ ಸೇರಿದರೆ ದಂಡ ಎಂದು ಪ್ರಕಟಿಸಿತು. ಕಾನೂನು ಯಾರಿಗೆ ಎಂಬ ಪ್ರಶ್ನೆ ಆಗ ನೆರೆಹೊರೆಯವರ ಮಾತಿನಲ್ಲಿ ಬರತೊಡಗಿತು.

ಡಿಸೆಂಬರ್‌ನಲ್ಲಿ ಎರಡು ಸಂಕಟಗಳೂ ಒಂದೇ ರಸ್ತೆಯಲ್ಲಿ ಎದುರಾದವು. ಹೊಸ ರೂಪಾಂತರಿ ವೈರಾಣುವಿನ ಭಯಕ್ಕೆ ಫ್ರಾನ್ಸ್ ಗಡಿ ಮುಚ್ಚಿತು. ಕೆಂಟ್‌ನಲ್ಲಿ ಸಾವಿರಾರು ಲಾರಿಗಳು ಸಾಲುಗಟ್ಟಿ ನಿಂತವು. ವ್ಯಾಪಾರ ಒಪ್ಪಂದವಿಲ್ಲದೆ ಬ್ರೆಕ್ಸಿಟ್ ಆದರೆ ಹೇಗಿರುತ್ತದೆಯೋ ಅದರ ಚಿತ್ರ ಕಣ್ಣ ಮುಂದಿತ್ತು. ಆ ಚಾಲಕರಿಗೆ ಗ್ರೇವ್‌ಸೆಂಡ್ ಗುರುದ್ವಾರದಲ್ಲಿ ಅಡುಗೆ ಮಾಡಿ ಸಿಖ್ ಸೇವಾ ಸಂಸ್ಥೆ ಖಾಲ್ಸಾ ಏಡ್‌ನವರು ಹಂಚಿದರು. ಕ್ರಿಸ್‌ಮಸ್‌ಗೆ ಮನೆಯವರು ಸೇರಬಹುದು ಎಂಬ ಭರವಸೆಯನ್ನು ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನವರಿಂದ ಆರು ದಿನ ಮೊದಲು ಹಿಂತೆಗೆದುಕೊಳ್ಳಲಾಯಿತು. ಒಪ್ಪಂದಕ್ಕೆ ಕೊನೆಗೂ ಡಿ. 24ರಂದು ಒಮ್ಮತವಾಯಿತು.

ದೊಡ್ಡಪ್ಪ ಹೇಳುವ ಲಸಿಕೆಯ ಮಾತು ನಿಜ. 2020ರ ಡಿಸೆಂಬರ್ 8ರಂದು ಕಾವೆಂಟ್ರಿಯಲ್ಲಿ 90 ವರ್ಷದ ಅಜ್ಜಿಗೆ ಮೊದಲ ಚುಚ್ಚುಮದ್ದು ಸಿಕ್ಕಿತು. ಇದು ಬ್ರೆಕ್ಸಿಟ್ ಫಲ ಎಂದು ಆರೋಗ್ಯ ಸಚಿವ ಮ್ಯಾಟ್ ಹ್ಯಾನ್ಕಾಕ್ ಹೇಳಿಕೊಂಡರು. ಆದರೆ ಅನುಮೋದನೆ ಕೊಟ್ಟ ಸಂಸ್ಥೆಯ ಮುಖ್ಯಸ್ಥೆ ಜೂನ್ ರೇನ್, ಆಗಿನ್ನೂ ಜಾರಿಯಲ್ಲಿದ್ದ ಐರೋಪ್ಯ ಕಾನೂನಿನ ಅವಕಾಶದಡಿಯೇ ಅದನ್ನು ಕೊಟ್ಟೆವು ಎಂದು ಸ್ಪಷ್ಟಪಡಿಸಿದರು. ಜನಕ್ಕೆ ಅದೆಲ್ಲ ಬೇಕಿರಲಿಲ್ಲ, ಲಸಿಕೆ ಬೇಕಿತ್ತು, ಬಂತು. 2021ರ ಜನವರಿಯಲ್ಲಿ ಸಾವಿನ ಸಂಖ್ಯೆ ಒಂದು ಲಕ್ಷ ದಾಟಿತ್ತು. ಆದರೂ ಮೇ ತಿಂಗಳಲ್ಲಿ, 1974ರಿಂದ ಲೇಬರ್ ಕೈಯಲ್ಲಿದ್ದ, ಬ್ರೆಕ್ಸಿಟ್ ಪರವಾದ ಹಾರ್ಟಲ್‌ಪೂಲ್ ಕ್ಷೇತ್ರವನ್ನು ಜಾನ್ಸನ್ ಪಕ್ಷ ಉಪಚುನಾವಣೆಯಲ್ಲಿ ಗೆದ್ದುಕೊಂಡಿತು. ಇಷ್ಟೆಲ್ಲ ಸಾವುಗಳ ನಂತರವೂ ಜನ ಕ್ಷಮಿಸಿದ್ದರು. (ಅದೇ ಆಕ್ಸ್‌ಫರ್ಡ್ ಲಸಿಕೆಯನ್ನು ಪುಣೆಯಲ್ಲಿ ತಯಾರಿಸಿ ಕೋವಿಶೀಲ್ಡ್ ಎಂದು ಹಾಕಿಸಿಕೊಂಡ ನಮ್ಮವರು ಇಲ್ಲಿಗೆ ಬಂದರೆ ಹತ್ತು ದಿನ ಕ್ವಾರಂಟೈನ್ ಎಂದು ಆ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ನನಗೆ ಇಂದಿಗೂ ನೋವಿನ ವಿಷಯ. ಭಾರತವೂ ಅದೇ ನಿಯಮ ಹೇರಿದ ಮೇಲೆ ಅಕ್ಟೋಬರ್‌ನಲ್ಲಿ ಅದು ರದ್ದಾಯಿತು.)

ಹೀಗಿರುವಾಗ, 2021ರ ಕೊನೆಯಲ್ಲಿ ನಿರ್ಬಂಧಗಳ ಕಾಲದಲ್ಲಿ ಪ್ರಧಾನಿ ಕಚೇರಿಯಲ್ಲಿ ನಡೆದ ಕೂಟಗಳ ಸುದ್ದಿ ಒಂದೊಂದಾಗಿ ಹೊರಬಿತ್ತು. ಡಿಸೆಂಬರ್‌ನಲ್ಲಿ ಬಂದ ವಿಡಿಯೊದಲ್ಲಿ ಪ್ರಧಾನಿಯ ವಕ್ತಾರೆ, ಕ್ರಿಸ್‌ಮಸ್ ಕೂಟದ ಬಗ್ಗೆ ಅಣಕು ಪ್ರಶ್ನೆಗೆ ಉತ್ತರಿಸುತ್ತ ನಗುತ್ತಿದ್ದರು. ನಿಯಮ ಮುರಿದದ್ದಕ್ಕಿಂತ ಆ ನಗು ಜನರ ಎದೆಗೆ ಹೆಚ್ಚು ಚುಚ್ಚಿತು ಎಂದು ನಾನು ನಂಬಿದ್ದೇನೆ. 2021ರ ಏಪ್ರಿಲ್‌ನಲ್ಲಿ ರಾಣಿ ಎಲಿಜಬೆತ್ ಗಂಡನ ಅಂತ್ಯಸಂಸ್ಕಾರದಲ್ಲಿ ಮಾಸ್ಕ್ ಧರಿಸಿ ಒಂಟಿಯಾಗಿ ಕುಳಿತಿದ್ದರು. ಅದರ ಹಿಂದಿನ ರಾತ್ರಿ ಪ್ರಧಾನಿ ಕಚೇರಿಯಲ್ಲಿ ಎರಡು ಬೀಳ್ಕೊಡುಗೆ ಕೂಟಗಳು ನಡೆದಿದ್ದವು. 2021ರ ಜನವರಿಯಲ್ಲಿ ಕಾಫಿ ಹಿಡಿದು ಕೆರೆಯ ಪಕ್ಕ ನಡೆಯಲು ಹೋದ ಇಬ್ಬರು ಗೆಳತಿಯರಿಗೆ ಡರ್ಬಿಶೈರ್ ಪೊಲೀಸರು ತಲಾ 200 ಪೌಂಡ್ ದಂಡ ಹಾಕಿ, ಆಮೇಲೆ ಹಿಂಪಡೆದು ಕ್ಷಮೆ ಕೇಳಿದ್ದರು. ನಿಯಮ ಬರೆದ ಪ್ರಧಾನಿ ಕಚೇರಿ ಮತ್ತು ಸುತ್ತಲಿನ ಸರ್ಕಾರಿ ಕಚೇರಿಗಳವರಿಗೆ ಲಂಡನ್ ಪೊಲೀಸರು ವಿಧಿಸಿದ ದಂಡಗಳ ಸಂಖ್ಯೆ ಕೊನೆಗೆ 126. ಕೇಕಿನ ದಿನಕ್ಕಾಗಿ, ಅಂದರೆ 2020ರ ಜೂನ್ 19ಕ್ಕಾಗಿ, ಜಾನ್ಸನ್ ಮತ್ತು ಆಗಿನ ಹಣಕಾಸು ಸಚಿವ ರಿಷಿ ಸುನಕ್ ಇಬ್ಬರೂ ದಂಡ ಕಟ್ಟಿದರು. ಅಧಿಕಾರದಲ್ಲಿದ್ದಾಗಲೇ ಕಾನೂನು ಮುರಿದದ್ದು ಸಾಬೀತಾದ ಮೊದಲ ಬ್ರಿಟಿಷ್ ಪ್ರಧಾನಿ ಜಾನ್ಸನ್. ನಿಯಮಗಳನ್ನೆಲ್ಲ ಪಾಲಿಸಲಾಗಿತ್ತು ಎಂದು ಅವರು ಅದಕ್ಕೂ ಮೊದಲು ಸಂಸತ್ತಿನಲ್ಲಿ ಹೇಳಿದ್ದರು.

ದೊಡ್ಡಪ್ಪನಿಗೆ ನಾನು ಹೇಳುವುದು ಇಷ್ಟೇ. ತಡವಾಗಿ ಲಾಕ್‌ಡೌನ್ ಮಾಡಿದ್ದು ಅಸಮರ್ಥತೆ, ಅದನ್ನು ಜನ ಸಹಿಸಿದರು. ಇದು ಹಾಗಲ್ಲ. ಅಮ್ಮನ ಕೈ ಹಿಡಿಯದೆ ಅವಳನ್ನು ಸಾಯಲು ಬಿಟ್ಟ ಮಗಳಿಗೆ, ನೀನು ಪಾಲಿಸಿದ ನಿಯಮವನ್ನು ನಾವು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ ಎಂದು ಹೇಳಿದಂತಾಯಿತು. ಅಂದು ತಾನೂ ನಿಯಮ ಮುರಿದು ಹೋಗಬಹುದಿತ್ತೇ ಎಂಬ ಕೊರಗು ಅವಳನ್ನು ಬದುಕಿಡೀ ಬಿಡುವುದಿಲ್ಲ. ಹೀಗೆ ಹೇಳಿ ಅತ್ತವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಎರಡು ಬಣಗಳವರೂ ಇದ್ದರು. ಬ್ರೆಕ್ಸಿಟ್‌ಗೆ ಮತ ಹಾಕಿದವರ ನೋವು ಒಂದು ಕೈ ಹೆಚ್ಚೇ ಇತ್ತು, ಏಕೆಂದರೆ ಅವರಿಗೊಂದು ನಿಯಮ ನಿಮಗೊಂದು ನಿಯಮ ಎಂಬ ವ್ಯವಸ್ಥೆಯನ್ನು ಕೊನೆಗಾಣಿಸುತ್ತೇವೆ ಎಂದು ಅವರಿಂದ ಮತ ಪಡೆದವರೇ ಇವರು.

ಚುನಾವಣೆಗಳಲ್ಲೂ ಅದು ಕಾಣಿಸಿತು. 2021ರ ಡಿಸೆಂಬರ್ 16ರಂದು, ಬ್ರೆಕ್ಸಿಟ್ ಪರ ಮತ ಹಾಕಿದ್ದ ನಾರ್ತ್ ಶ್ರಾಪ್‌ಶೈರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಸುಮಾರು 23 ಸಾವಿರ ಮತಗಳ ಮುನ್ನಡೆ ಕೊಚ್ಚಿಹೋಗಿ ಲಿಬರಲ್ ಡೆಮಾಕ್ರಾಟ್ ಪಕ್ಷ ಗೆದ್ದಿತು. ಜನವರಿಯಲ್ಲಿ ಸಂಸತ್ತಿನಲ್ಲಿ ಎದ್ದು ನಿಂತು ದೇವರ ಹೆಸರಿನಲ್ಲಿ ತೊಲಗಿ ಎಂದು ಜಾನ್ಸನ್‌ಗೆ ಹೇಳಿದ ಸ್ವಪಕ್ಷದ ಡೇವಿಡ್ ಡೇವಿಸ್ ಹಿಂದೆ ಬ್ರೆಕ್ಸಿಟ್ ಸಚಿವರಾಗಿದ್ದವರು. 2022ರ ಜುಲೈ 7ರಂದು ಜಾನ್ಸನ್ ರಾಜೀನಾಮೆ ಘೋಷಿಸಿದ್ದಕ್ಕೆ ಹತ್ತಿರದ ಕಾರಣ ಬೇರೊಂದು ಹಗರಣ. ಆದರೆ 50ಕ್ಕೂ ಹೆಚ್ಚು ಸಚಿವರು ಮತ್ತು ಸಹಾಯಕರು ಅವರನ್ನು ಬಿಟ್ಟು ನಡೆದದ್ದು ಅವರ ಮಾತಿಗೆ ಬೆಲೆ ಉಳಿದಿರಲಿಲ್ಲವಾದ್ದರಿಂದ.

ಸಿಟ್ಟು ಇಳಿದಿದೆಯೇ ಎಂಬುದು ಮುಂದಿನ ಪ್ರಶ್ನೆ. 2024ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 121 ಸ್ಥಾನಗಳಿಗೆ ಕುಸಿಯಿತು. ಸರ್ಕಾರ ಪಕ್ಷಕ್ಕಿಂತ ದೇಶದ ಹಿತವನ್ನು ಮುಂದಿಡುತ್ತದೆ ಎಂಬ ನಂಬಿಕೆ ತಮಗೆ ಬಹುತೇಕ ಯಾವತ್ತೂ ಇಲ್ಲ ಎಂದವರು ಆ ವರ್ಷ ಪ್ರಕಟವಾದ ಬ್ರಿಟಿಷ್ ಸಾಮಾಜಿಕ ಮನೋಭಾವ ಸಮೀಕ್ಷೆಯಲ್ಲಿ ಶೇ 45, ಅಲ್ಲಿಯವರೆಗಿನ ದಾಖಲೆ. ಹೊಸ ಸರ್ಕಾರಕ್ಕೂ ಆ ಅಪನಂಬಿಕೆಯೇ ಬಳುವಳಿ. ನಿವೃತ್ತ ನ್ಯಾಯಮೂರ್ತಿ ಹೆದರ್ ಹ್ಯಾಲೆಟ್ ನೇತೃತ್ವದ, ಕೋವಿಡ್ ಕುರಿತ ಸಾರ್ವಜನಿಕ ವಿಚಾರಣೆ 2025ರ ನವೆಂಬರ್‌ನಲ್ಲಿ ಕೊಟ್ಟ ವರದಿ, ಲಾಕ್‌ಡೌನ್ ಒಂದು ವಾರ ಮೊದಲು ಬಂದಿದ್ದರೆ ಇಂಗ್ಲೆಂಡಿನಲ್ಲಿ ಮೊದಲ ಅಲೆಯ ಸುಮಾರು 23 ಸಾವಿರ ಸಾವುಗಳನ್ನು ತಪ್ಪಿಸಬಹುದಿತ್ತು ಎಂದಿತು. ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಈಗ ಕೇಳುತ್ತಿರುವುದು, ವಿಚಾರಣೆಗಳಲ್ಲಿ ಅಧಿಕಾರಿಗಳೂ ಸಚಿವರೂ ಸತ್ಯ ಹೇಳಲೇಬೇಕು ಎಂಬ ಕಾನೂನು. 1989ರ ಹಿಲ್ಸ್‌ಬರೋ ಕ್ರೀಡಾಂಗಣ ದುರಂತದ ಕುಟುಂಬಗಳು ದಶಕಗಳಿಂದ ಹೋರಾಡಿ ರೂಪಿಸಿದ ಆ ಬೇಡಿಕೆ 2025ರ ಸೆಪ್ಟೆಂಬರ್‌ನಲ್ಲಿ ಮಸೂದೆಯಾಗಿ ಸಂಸತ್ತಿಗೆ ಬಂತು.